ಮನೆ ಯಾರದೆಂದು ಕೇಳಿದಿರಿ, ಒಳಗೆ ಯಾರಿದ್ದಾರೆಂದು ಕೇಳಲಿಲ್ಲ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಖರೀದಿ ಪತ್ರ ನೋಂದಣಿಯ ಹೊತ್ತಿಗೆ ಮನೆಯಲ್ಲಿ ವಾಸವಿರುವವರ ವಿವರ ದಾಖಲಿಸುವ ಕುರಿತು.

ಮಾನ್ಯರೇ,

ಸವಿನಯ ವಂದನೆಗಳು. ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಿರುವ ಶಿಕ್ಷಕಿ. 2024ರ ಫೆಬ್ರುವರಿಯಲ್ಲಿ ನನ್ನ ಸೋದರತ್ತೆಯ ಮನೆಯನ್ನು ಖರೀದಿ ಮಾಡಿದೆ. ಮನೆ ಇರುವುದು ಧಾರವಾಡದ ಹೊಸಯಲ್ಲಾಪುರದಲ್ಲಿ. ಖರೀದಿ ಪತ್ರ ನನ್ನ ಹೆಸರಿನಲ್ಲಿದೆ. ನಗರದ ಸ್ವತ್ತಿನ ಸರ್ಕಾರಿ ದಾಖಲೆಯಾದ ಸಿಟಿ ಸರ್ವೆ ಉತಾರ ನನ್ನ ಹೆಸರಿಗೆ ಬಂದಿದೆ. ಪಾಲಿಕೆಯ ಕರ ನಾನೇ ಕಟ್ಟುತ್ತೇನೆ. ಆ ಮನೆಯಲ್ಲಿ ಒಂದು ರಾತ್ರಿಯೂ ನಾನು ಮಲಗಿಲ್ಲ.

ಖರೀದಿ ಪತ್ರದ ನಾಲ್ಕನೇ ಪುಟದಲ್ಲಿ ಒಂದು ವಾಕ್ಯವಿದೆ: “ಸದರಿ ಸ್ವತ್ತಿನ ಪ್ರತ್ಯಕ್ಷ ಕಬಜಾ ಈ ದಿವಸವೇ ನಿಮಗೆ ಕೊಟ್ಟಿರುತ್ತೇನೆ.” ಕಬಜಾ ಎಂದರೆ ಸ್ವಾಧೀನ. ಆ ದಿವಸ, ಆ ಹೊತ್ತಿಗೆ, ಆ ಮನೆಯ ಒಲೆಯ ಮೇಲೆ ಬೇರೆಯವರ ರೊಟ್ಟಿ ಬೇಯುತ್ತಿತ್ತು. ಬರೆದ ಬಾಂಡ್ ರೈಟರಿಗೆ ಅದು ಗೊತ್ತಿತ್ತೋ ಇಲ್ಲವೋ. ಬರೆಸಿದ ಅತ್ತೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತರಗತಿಯಲ್ಲಿ ಮಕ್ಕಳಿಗೆ ಭೂತಕಾಲ, ಭವಿಷ್ಯತ್ಕಾಲ ಬೇರೆ ಮಾಡಿ ಹೇಳಿಕೊಡುವವಳು ನಾನು. ಇನ್ನೂ ಆಗಬೇಕಾದದ್ದನ್ನು ಆಗಿಹೋಗಿದೆ ಎಂದು ಬರೆದ ಕ್ರಿಯಾಪದದ ಕೆಳಗೆ ಕಣ್ಣು ತೆರೆದುಕೊಂಡೇ ಸಹಿ ಮಾಡಿದೆ. ಹಾಗಾಗಿ ಈ ಪತ್ರದಲ್ಲಿ ಮೊದಲ ತಪ್ಪು ನನ್ನದೆಂದು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಆ ಮನೆಯಲ್ಲಿ ಇರುವವರು ಬಾಗಿಲು ಒಡೆದು ನುಗ್ಗಿದವರಲ್ಲ. 2019ರ ಆಗಸ್ಟ್ ಮಳೆ ತಮಗೆ ನೆನಪಿರಬಹುದು. ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದ ವರ್ಷ ಅದು. ಅತ್ತೆಯ ಓಣಿಯ ಹಿಂದೆ ಬಾಡಿಗೆಗಿದ್ದ ಒಂದು ಕುಟುಂಬದ ಮನೆಯ ಗೋಡೆ ಒಂದು ಬೆಳಗಿನ ಜಾವ ಬಿತ್ತು. ಗಂಡ ಆಟೊ ಓಡಿಸುತ್ತಾನೆ, ಹೆಂಡತಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಎರಡು ಮಕ್ಕಳು, ಒಬ್ಬ ಮುದುಕಿ. ಮಾವ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಮುಂದಿನ ಎರಡು ಖೋಲಿ ತೆಗೆದುಕೊಟ್ಟಳು. ಬಾಡಿಗೆ ಕೇಳಲಿಲ್ಲ, ಕಾಗದ ಮಾಡಲಿಲ್ಲ. “ದೀಪಾವಳಿ ತನಕಾ ಇರ್ರಿ” ಅಂದಿದ್ದಳಂತೆ. ಯಾವ ದೀಪಾವಳಿ ಎಂದು ಹೇಳಿರಲಿಲ್ಲ.

ಮರುವರ್ಷ ಕೊರೊನಾ ಬಂತು. ಅತ್ತೆಯ ಮಗ ಪುಣೆಯಲ್ಲಿ ಸಿಕ್ಕಿಕೊಂಡ. ನಾವು ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರು ದಾಟಿ ಹೋಗಲಾರದೆ ಕೂತೆವು. ಅತ್ತೆಯ ಬಿಪಿ ಗುಳಿಗೆ ತಂದುಕೊಟ್ಟದ್ದು, ಬಿಸಿ ರೊಟ್ಟಿ ಕೊಟ್ಟದ್ದು, ಜ್ವರ ಬಂದಾಗ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದದ್ದು ಇದೇ ಕುಟುಂಬ. ನನ್ನ ವಕೀಲರು ಈ ಮಾತನ್ನು ಎಲ್ಲಿಯೂ ಬರೆಯಬೇಡಿ ಎಂದಿದ್ದಾರೆ. ಆದರೆ ನಡೆದದ್ದು ನಡೆದದ್ದೇ. 2022ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮಗ ಬಂದು ಪುಣೆಗೆ ಕರೆದುಕೊಂಡು ಹೋದ. ಹೋಗುವಾಗ ದೇವರ ಮುಂದೆ ದೀಪ ಹಚ್ಚಲೆಂದು ಉಳಿದ ಮನೆಯ ಕೀಲಿಯನ್ನೂ ಅವರ ಕೈಯಲ್ಲೇ ಕೊಟ್ಟಳು. ಎರಡು ಖೋಲಿ ಇಡೀ ಮನೆಯಾದದ್ದು ಹೀಗೆ.

ಮುಂದೆ ಮಗ ಮನೆ ಮಾರಬೇಕೆಂದ. ತನ್ನ ಅಪ್ಪ ಕೊಡಿಸಿದ ಮನೆ ಹೊರಗಿನವರ ಪಾಲಾಗಬಾರದೆಂದು ಅತ್ತೆ ಹಟ ಹಿಡಿದಳು. ಅವಳ ಅಪ್ಪ ಎಂದರೆ ನನ್ನ ಅಜ್ಜ. ನಮಗೂ ಸ್ವಂತದ್ದೆಂದು ಒಂದು ಸೂರು ಬೇಕಿತ್ತು. 48 ಲಕ್ಷಕ್ಕೆ ಮಾತಾಯಿತು, 30 ಲಕ್ಷ ಬ್ಯಾಂಕಿನ ಸಾಲ. ಒಳಗಿರುವವರ ಬಗ್ಗೆ ನಾನು ಕೇಳದೇ ಇರಲಿಲ್ಲ. “ಹೋಗ್ತಾರ ಬಿಡವಾ, ನೀ ಬರೂದ ತಡಾ, ಅವರು ಗಂಟು ಕಟ್ತಾರ. ಯುಗಾದಿಗೆ ನೀ ಹಾಲು ಉಕ್ಕಸ್ತಿ ನೋಡ” ಅಂದಳು. ಪರರ ಮನೆ ಕೊಳ್ಳುವಾಗ ನೂರು ಪ್ರಶ್ನೆ ಹಾಕುವ ನಾವು ಸ್ವಂತ ಅತ್ತೆಯ ಮುಂದೆ ಎರಡನೇ ಸಲ ಕೇಳಲು ನಾಚುತ್ತೇವೆ. ಮನೆತನದ ಮಾತಿಗೆ ಕರಾರು ಯಾಕೆ ಎನ್ನುವ ಗತ್ತು ಬೇರೆ. ನಮ್ಮ ಕಡೆ ಅರ್ಧಕ್ಕರ್ಧ ವ್ಯಾಜ್ಯ ಹುಟ್ಟುವುದೇ ಈ ಸಂಕೋಚದಲ್ಲಿ.

ಬ್ಯಾಂಕಿನ ವಕೀಲರು ಮೂವತ್ತು ವರ್ಷದ ಕಾಗದ ತಿರುವಿ ಹಾಕಿ, ಬೋಜಾ (ಸಾಲದ ಹೊರೆ) ಇಲ್ಲ, ಹಕ್ಕು ಶುದ್ಧವಿದೆ ಎಂದು ಅಭಿಪ್ರಾಯ ಕೊಟ್ಟರು. ಬೆಲೆ ಕಟ್ಟಲು ಬಂದವರು ಕಟ್ಟೆಯ ಮೇಲೆ ನಿಂತು ಫೋಟೊ ತೆಗೆದರು. ಒಳಗಿಂದ ಬಂದ ಮುದುಕಿ ಅವರಿಗೆ ನೀರು ಕೊಟ್ಟಳು, ಕುಡಿದು ಹೋದರು. ಅವರ ವರದಿಯಲ್ಲಿ “ಮಾಲೀಕರ ಸ್ವಂತ ವಾಸ” ಎಂದಿತ್ತು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಮ್ಮ ಫೋಟೊ ತೆಗೆದರು, ಹೆಬ್ಬೆಟ್ಟಿನ ಗುರುತು ಪಡೆದರು, ಆಧಾರ್ ನೋಡಿದರು, ಪತ್ರದಲ್ಲಿನ ಸಹಿ ನಿಮ್ಮದೇ ಏನಮ್ಮಾ ಎಂದು ಅತ್ತೆಯನ್ನು ಕೇಳಿದರು. ಹೌದೆಂದಳು. ಮುದ್ರಾಂಕ ಶುಲ್ಕ ಶೇ 5ರಂತೆ 2,40,000, ಅದರ ಮೇಲೆ ಸೆಸ್ 24,000, ಸರ್ಚಾರ್ಜ್ 4,800, ನೋಂದಣಿ ಶುಲ್ಕ ಆಗಿನ ಶೇ 1ರಂತೆ 48,000. ಒಟ್ಟು 3,16,800 ರೂಪಾಯಿ ಸರ್ಕಾರಕ್ಕೆ ಕಟ್ಟಿದೆ. ಆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಂಕಣವೇ ಅರ್ಜಿಯಲ್ಲಿ ಇರಲಿಲ್ಲ.

ಯುಗಾದಿ ಬಂತು, ಮಕ್ಕಳ ಪರೀಕ್ಷೆ ಮುಗಿಯಲಿ ಎಂದರು ಮನೆಯಲ್ಲಿದ್ದವರು. ಶಿಕ್ಷಕಿಯಾಗಿ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಜೂನ್ ಬಂತು, ಮಳೆಗಾಲದಲ್ಲಿ ಎಲ್ಲಿ ಹೋಗೋಣ ಎಂದರು. ಜುಲೈಯಲ್ಲಿ ವಕೀಲರಿಂದ ನೋಟಿಸು ಕೊಡಿಸಿದೆ. ಅದಕ್ಕೆ ಬಂದ ಉತ್ತರದಲ್ಲಿ ಒಂದು ಇ-ಸ್ಟ್ಯಾಂಪ್ ಕಾಗದದ ನಕಲಿತ್ತು. ಈ ಮನೆಯನ್ನು ತಮಗೇ ಕೊಡುವುದಾಗಿ ಅತ್ತೆ 2021ರಲ್ಲಿ ಒಪ್ಪಿ ಎರಡು ಲಕ್ಷ ಇಸಾರ (ಮುಂಗಡ) ಪಡೆದಿದ್ದಾಳೆ ಎಂದು ಅದರ ಒಕ್ಕಣೆ. ರೊಕ್ಕ ಮುಟ್ಟಿಲ್ಲ, ಕರೆಂಟ್ ಮೀಟರಿನ ಅರ್ಜಿ ಎಂದು ಸಹಿ ಮಾಡಿಸಿಕೊಂಡರು ಎನ್ನುತ್ತಾಳೆ ಅತ್ತೆ. ಸಹಿ ಅವಳದೇ. ಸಂಗತಿ ಕೋರ್ಟಿನಲ್ಲಿರುವುದರಿಂದ ಯಾರು ಸತ್ಯ, ಯಾರು ಸುಳ್ಳು ಎಂದು ನಾನಿಲ್ಲಿ ಬರೆಯುವುದಿಲ್ಲ.

ಪೊಲೀಸ್ ಠಾಣೆಗೂ ಹೋಗಿ ಬಂದೆ. “ಇದು ಸಿವಿಲ್ ಮ್ಯಾಟರ್ ಅದರೀ ಮೇಡಮ್ಮರ” ಎಂದು ಚಹಾ ಕುಡಿಸಿ ಕಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅದು ನಿಜಕ್ಕೂ ಸಿವಿಲ್ ಮ್ಯಾಟರೇ. ನಮ್ಮ ಪೈಕಿಯವರೊಬ್ಬರು ನಾಲ್ಕು ಹುಡುಗರನ್ನು ಕರೆದುಕೊಂಡು ಹೋಗಿ ಸಾಮಾನು ಓಣಿಗೆ ಎಸೆಯೋಣ ಎಂದರು. ಇನ್ನೊಬ್ಬರು ನಳ ಬಂದ್ ಮಾಡಿಸು ಎಂದರು. ಹೀಗೆ ಮಾಡಿ ತಾವೇ ಆರೋಪಿಗಳಾದವರನ್ನು ಧಾರವಾಡದ ಕೋರ್ಟ್ ಆವರಣದಲ್ಲಿ ನಾನು ಕಂಡಿದ್ದೇನೆ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ ಪ್ರಕಾರ, ಕಾನೂನು ಕ್ರಮವಿಲ್ಲದೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿದರೆ ಅವರಿಗೆ ಕಬಜಾ ಮರಳಿ ಸಿಗುತ್ತದೆ. ಹೊರಹಾಕಿದವನೇ ಮಾಲೀಕ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೆಲೆಯೂರಿ ಕುಳಿತವರನ್ನು ಮಾಲೀಕನಾದರೂ ಬಲವಂತದಿಂದ ಎಬ್ಬಿಸುವಂತಿಲ್ಲ ಎಂದು ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಓದಿದಾಗ ಹೊಟ್ಟೆ ಉರಿಯಿತು. ಆಮೇಲೆ ಸರಿ ಅನಿಸಿತು. ಆ ಮನೆಯಲ್ಲಿ ಎಂಟನೇ ತರಗತಿ ಓದುವ ಒಬ್ಬ ಹುಡುಗಿ ಇದ್ದಾಳೆ. ಅವಳ ಪಾಟೀಚೀಲ ಓಣಿಯಲ್ಲಿ ಬಿದ್ದಿರುವುದನ್ನು ನೋಡಿ ನಾನು ಮರುದಿನ ಯಾವ ಮುಖ ಹೊತ್ತು ಪಾಠ ಮಾಡಲಿ?

ಕಾನೂನು ನನ್ನ ಕೈಯನ್ನೂ ಪೂರಾ ಬಿಟ್ಟಿಲ್ಲ. ಗೋವಾದ ಅಕ್ಕ-ತಮ್ಮನ ಮನೆ ವ್ಯಾಜ್ಯವೊಂದರಲ್ಲಿ 2012ರಲ್ಲಿ ಬಂದ ತೀರ್ಪಿನ ಪ್ರಕಾರ, ನಂಬಿಕೆಯ ಮೇಲೆ ಇರಿಸಿಕೊಂಡ ಬಂಧು, ಕಾವಲುಗಾರ ಅಥವಾ ಕೆಲಸದವರು ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಅವರಿಗೆ ಹಕ್ಕು ಹುಟ್ಟುವುದಿಲ್ಲ. ಮಾರಾಟದ ಒಪ್ಪಂದದ ಬಲದಿಂದ ಕಬಜಾ ಕಾಯ್ದುಕೊಳ್ಳಬೇಕೆಂದರೆ ಆ ಒಪ್ಪಂದ ನೋಂದಣಿ ಆಗಿರಬೇಕು ಎಂದು 2001ರಲ್ಲೇ ತಿದ್ದುಪಡಿ ಆಗಿದೆ. ಅವರ ಕಾಗದ ನೋಂದಣಿ ಆಗಿಲ್ಲ. ಗೆಲ್ಲುತ್ತೀರಿ ಎನ್ನುತ್ತಾರೆ ವಕೀಲರು, ಯಾವಾಗ ಎಂದು ಹೇಳುವುದಿಲ್ಲ. ಗೆದ್ದ ಮೇಲೂ ಡಿಕ್ರಿ ಹಿಡಿದುಕೊಂಡು ಮತ್ತೊಂದು ಅರ್ಜಿ ಹಾಕಬೇಕು. ಅಂಥ ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟು ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ ಬಾಕಿ ಇದ್ದವು 8 ಲಕ್ಷಕ್ಕೂ ಹೆಚ್ಚು.

ಇದಕ್ಕಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಇನ್ನೊಂದು ಕಲಂ. ಆಸ್ತಿ ವರ್ಗಾವಣೆ ಕಾಯ್ದೆ 1882ರ 55ನೇ ಕಲಂ, ಮಾರಿದವರು ಕಬಜಾ ಕೊಡಲೇಬೇಕು ಎನ್ನುತ್ತದೆ. ಕೊಡದಿದ್ದರೆ ಯಾರ ಮೇಲೆ ದಾವೆ? ಮಾರಿದವರ ಮೇಲೂ. 2024ರ ಸೆಪ್ಟೆಂಬರಿನಲ್ಲಿ ದಾಖಲಾದ ದಾವೆಯಲ್ಲಿ ನಾಲ್ಕನೇ ಪ್ರತಿವಾದಿ ನನ್ನ ಅತ್ತೆ. ಸಮನ್ಸ್ ಪುಣೆಗೆ ಹೋದ ದಿನ ಫೋನ್ ಬಂತು. “ನಿನ್ನ ತೊಟ್ಟಲದಾಗ ಹಾಕಿ ಹೆಸರು ಕರದಾಕಿ ನಾನs. ನನ್ನ ಮ್ಯಾಲೆ ಕೇಸ್ ಹಾಕಿದೇನ ಯವ್ವಾ?” ವಕೀಲರು ಹೇಳಿದ್ದರು, ಕಾಯ್ದೆಯ ಪ್ರಕಾರ ಹೆಸರು ಸೇರಿಸಲೇಬೇಕಿತ್ತು ಎಂದೆಲ್ಲ ತೊದಲಿದೆ. ಎಂಬತ್ತು ದಾಟಿದ ಮುದುಕಿಗೆ ‘ಅವಶ್ಯಕ ಪಕ್ಷಕಾರ’ ಎಂದರೆ ಏನು ತಿಳಿಯಬೇಕು? ಕಳೆದ ವರ್ಷ ನರಗುಂದದಲ್ಲಿ ನಮ್ಮ ತಂಗಿಯ ಮಗಳ ಕುಬಸಕ್ಕೆ ಅವಳೂ ಬಂದಿದ್ದಳು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ ಇತ್ತು. ಅದನ್ನು ದಾಟಿ ಹೋಗಿ ಆಚೆ ತುದಿಯಲ್ಲಿ ಕುಳಿತಳು.

ಕೋರ್ಟು ನಮ್ಮನ್ನು ಒಮ್ಮೆ ಮಧ್ಯಸ್ಥಿಕೆಗೆ ಕಳಿಸಿತು. ಮೇಜಿನ ಈಚೆ ನಾನು, ಆಚೆ ರೊಟ್ಟಿ ಬಡಿಯುವ ಆ ಹೆಣ್ಣುಮಗಳು. ಐದು ಲಕ್ಷ ಕೊಟ್ಟರೆ ಬಿಡುತ್ತೇವೆ ಎಂದಳು. ಐದೇ ಯಾಕೆ ಎಂದು ಕೇಳಿದೆ. “ಟೀಚರ, ಅವತ್ತ ಮನಿ ಬಿದ್ದಾಗ ಸರ್ಕಾರ ಐದ ಲಕ್ಷ ಕೊಡ್ತು. ಯಾರಿಗೆ ಕೊಡ್ತು? ಗ್ವಾಡಿ ಯಾರದಿತ್ತು ಅವರಿಗೆ. ಗ್ವಾಡಿ ಬಿದ್ದದ್ದು ನಮ್ಮ ಮ್ಯಾಲೆ. ನಮಗ ಬಂದದ್ದು ಹತ್ತ ಸಾವಿರ.” ಆ ವರ್ಷ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಪರಿಹಾರ, ಸಂತ್ರಸ್ತ ಕುಟುಂಬಕ್ಕೆ ಹತ್ತು ಸಾವಿರ ತುರ್ತು ನೆರವು ಎಂದು ಸರ್ಕಾರ ಘೋಷಿಸಿದ್ದು ನನಗೂ ನೆನಪಿತ್ತು. ಅವಳ ಐದು ಲಕ್ಷವನ್ನು ನಾನೇಕೆ ಕೊಡಬೇಕು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆಡಲಿಲ್ಲ. ಮಾತುಕತೆ ಅಲ್ಲಿಗೇ ಮುರಿಯಿತು. ಸಾಲದ ಕಂತು ತಿಂಗಳಿಗೆ 26,035 ರೂಪಾಯಿ, ಹುಬ್ಬಳ್ಳಿಯಲ್ಲಿ ನಾವಿರುವ ಮನೆಯ ಬಾಡಿಗೆ 9,000. ಎರಡು ವರ್ಷದಲ್ಲಿ ಕಂತೇ ಆರು ಲಕ್ಷ ದಾಟಿದೆ. ನನ್ನ ಹತ್ತಿರ ಮತ್ತೆ ಐದು ಲಕ್ಷ ಇಲ್ಲ.

ಬಸ್ಸಿನಲ್ಲಿ ಮರಳಿ ಬರುವಾಗ ಒಂದು ಸಂಗತಿ ಹೊಳೆಯಿತು, ಈ ಪತ್ರ ಹುಟ್ಟಿದ್ದು ಅಲ್ಲಿ. ಸರ್ಕಾರ 2019ರಲ್ಲಿ ಅವಳ ವಿಷಯದಲ್ಲಿ ಏನು ಮಾಡಿತೋ 2024ರಲ್ಲಿ ನನ್ನ ವಿಷಯದಲ್ಲಿಯೂ ಅದನ್ನೇ ಮಾಡಿತು. ಮನೆ ಯಾರದು ಎಂದು ಎರಡೂ ಸಲ ಕೇಳಿತು, ಮನೆಯಲ್ಲಿ ಯಾರಿದ್ದಾರೆ ಎಂದು ಎರಡೂ ಸಲ ಕೇಳಲಿಲ್ಲ.

ತಮ್ಮ ಇಲಾಖೆಗೆ ಈ ಪ್ರಶ್ನೆ ಹೊಸದೇನಲ್ಲ. ಹೊಲದ ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಮಿನಲ್ಲಿ ಖಾತೆದಾರನ ಹೆಸರು, ಹನ್ನೆರಡನೇ ಕಾಲಮಿನಲ್ಲಿ ಸಾಗುವಳಿದಾರನ ಹೆಸರು. ನಮ್ಮ ಕಡೆಯ ಓದು ಬಾರದ ರೈತನೂ ಹೊಲ ಕೊಳ್ಳುವ ಮುಂಚೆ “ಹನ್ನೆರಡನೇ ಕಾಲಮ್‌ದಾಗ ಯಾರದಾರ?” ಎಂದು ಕೇಳುತ್ತಾನೆ. ಉಳುವವನಿಗೇ ಹೊಲ ಎಂಬ 1974ರ ಭೂಸುಧಾರಣೆಯಲ್ಲಿ ಆ ಕಾಲಮ್ ಎಷ್ಟು ಮನೆಗಳ ಹಣೆಬರಹ ತಿದ್ದಿತೆಂದು ನಾನು ತಮಗೆ ಹೇಳಬೇಕಿಲ್ಲ. ಮನೆಗೆ ಮಾತ್ರ ಆ ಹನ್ನೆರಡನೇ ಕಾಲಮ್ ಇಲ್ಲ. ಸಿಟಿ ಸರ್ವೆ ಉತಾರದಲ್ಲಿ ಉದ್ದ, ಅಗಲ, ಒಡೆಯರ ಹೆಸರು ಇದೆ. ಒಲೆ ಹಚ್ಚುವವರ ಹೆಸರಿಲ್ಲ.

ಕಾನೂನಿನ ಸೋಜಿಗ ನೋಡಿ. ಅದೇ 1882ರ ಕಾಯ್ದೆಯ 3ನೇ ಕಲಮಿನ ವಿವರಣೆಯಲ್ಲಿ, ಸ್ವತ್ತಿನಲ್ಲಿ ಯಾರು ಪ್ರತ್ಯಕ್ಷ ಕಬಜೆಯಲ್ಲಿದ್ದಾರೋ ಅವರಿಗೆ ಇರಬಹುದಾದ ಹಕ್ಕು ಕೊಳ್ಳುವವನಿಗೆ ತಿಳಿದೇ ಇತ್ತೆಂದು ಭಾವಿಸತಕ್ಕದ್ದು ಎಂದಿದೆ. ಅಂದರೆ ಒಳಗಿರುವವರನ್ನು ವಿಚಾರಿಸದೆ ಮನೆ ಕೊಂಡರೆ ತಪ್ಪು ಕೊಂಡವರದು. ಒಪ್ಪಿದೆ. ಆದರೆ ಕೊಳ್ಳುವವರು ತಿಳಿದಿರಲೇಬೇಕು ಎಂದು ಇಷ್ಟು ಕಟುವಾಗಿ ಹೇಳುವ ವ್ಯವಸ್ಥೆ, ನೋಂದಣಿಯ ಮೇಜಿನ ಮುಂದೆ ಆ ಒಂದು ಪ್ರಶ್ನೆಯನ್ನು ಯಾಕೆ ನುಂಗಿಕೊಳ್ಳುತ್ತದೆ? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ನಾನು ಇಂದು ಕೊಂಡಿದ್ದರೆ 48,000ದ ಜಾಗದಲ್ಲಿ 96,000 ಕಟ್ಟುತ್ತಿದ್ದೆ. ಶುಲ್ಕ ಇಮ್ಮಡಿಯಾಯಿತು, ಕೇಳುವ ಪ್ರಶ್ನೆ ಒಂದೂ ಹೆಚ್ಚಲಿಲ್ಲ.

ಹಕ್ಕು ಯಾರದೆಂದು ತೀರ್ಮಾನಿಸುವ ಅಧಿಕಾರ ಉಪನೋಂದಣಾಧಿಕಾರಿಗೆ ಇಲ್ಲ ಎಂಬ ಉತ್ತರ ಬರಬಹುದು. ನಾನು ತೀರ್ಮಾನ ಕೇಳುತ್ತಿಲ್ಲ, ಅವರು ಸ್ಥಳಕ್ಕೆ ಹೋಗಿ ಬಾಗಿಲು ಬಡಿಯಲಿ ಎಂದೂ ಕೇಳುತ್ತಿಲ್ಲ. ನೋಂದಣಿಗೆ ಬಳಸುವ ಕಾವೇರಿ ತಂತ್ರಾಂಶದ ಅರ್ಜಿಯಲ್ಲಿ ಒಂದು ಕಡ್ಡಾಯ ಅಂಕಣ ಸೇರಿಸಿ: ಈ ದಿನ ಈ ಕಟ್ಟಡದಲ್ಲಿ ಯಾರು ವಾಸವಿದ್ದಾರೆ, ಯಾವ ಆಧಾರದ ಮೇಲೆ, ಎಂದಿನಿಂದ? ಮಾರುವವರು ಬರೆದು ಸಹಿ ಮಾಡಲಿ. ಓದಿದ್ದೇನೆ ಎಂದು ಕೊಳ್ಳುವವರು ಕೆಳಗೆ ಸಹಿ ಮಾಡಲಿ. ಸುಳ್ಳು ಬರೆದವರನ್ನು ಶಿಕ್ಷಿಸಲು ಹೊಸ ಕಾಯ್ದೆ ಬೇಡ. ನೋಂದಣಿ ಅಧಿಕಾರಿಯ ಮುಂದೆ ಉದ್ದೇಶಪೂರ್ವಕ ಸುಳ್ಳು ಹೇಳುವುದು 1908ರ ನೋಂದಣಿ ಕಾಯ್ದೆಯ 82ನೇ ಕಲಮಿನಲ್ಲಿ ಆಗಲೇ ಅಪರಾಧ. ಆ ಅಂಕಣ ಅಂದು ಇದ್ದಿದ್ದರೆ ಅತ್ತೆ ಸುಳ್ಳು ಬರೆಯುತ್ತಿರಲಿಲ್ಲ, ಅಂಥವಳಲ್ಲ. ಅವರ ಹೆಸರು ಬರೆಯುತ್ತಿದ್ದಳು. ಬರೆದದ್ದನ್ನು ಓದಿ ನನ್ನ ಕೈ ನಿಲ್ಲುತ್ತಿತ್ತು. ಮೊದಲು ಅವರು ಹೊರಡಲಿ ಅತ್ತಿ, ಆಮೇಲೆ ಸಹಿ ಮಾಡೋಣ ಎನ್ನಲು ಸರ್ಕಾರಿ ಕಾಗದವೊಂದು ನನಗೆ ಬಾಯಿ ಕೊಡುತ್ತಿತ್ತು.

ಅದರ ಜೊತೆಗೇ ಆ ‘ಕಬಜಾ ಕೊಟ್ಟಿರುತ್ತೇನೆ’ ಎಂಬ ಗಿಳಿಪಾಠಕ್ಕೂ ಒಂದು ಗತಿ ಕಾಣಿಸಬೇಕು. ಖಾಲಿ ಮನೆ ಒಪ್ಪಿಸಿದ್ದೇನೆ, ಬಾಡಿಗೆದಾರರ ಸಮೇತ ಒಪ್ಪಿಸಿದ್ದೇನೆ, ಇತರರು ವಾಸವಿದ್ದಾರೆ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು ಎಂದು ಮಾದರಿ ಪತ್ರದಲ್ಲಿ ಬದಲಾಯಿಸಿದರೆ ಸಾಕು. ಬಾಂಡ್ ರೈಟರುಗಳು ಒಂದು ವಾರ ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಇನ್ನೊಂದು ಕೋರಿಕೆ ಇದೆ. ಇದನ್ನು ನನಗಾಗಿ ಕೇಳುತ್ತಿಲ್ಲ. ಮಳೆಯಲ್ಲಿ ನೆನೆದು ಬಂದವರಿಗೆ ಖೋಲಿ ತೆಗೆದುಕೊಡುವ ಅತ್ತೆಯಂಥವರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ. ನನ್ನ ಕಥೆ ಕೇಳಿದ ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು ತಮ್ಮ ಖಾಲಿ ಮನೆಗೆ ಕೀಲಿ ಜಡಿದಿದ್ದಾರೆ, ಯಾರಿಗೂ ಕೊಡುವುದಿಲ್ಲವಂತೆ. ವಾರ್ಡ್ ಕಚೇರಿಯಲ್ಲಿ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ, ಒಂದೇ ಪುಟದ ಆಶ್ರಯ ಪತ್ರದ ನಮೂನೆ ಇಡಿಸಿ. ಇಂಥವರನ್ನು ಇಂಥ ದಿನದಿಂದ ಇಂಥ ದಿನದವರೆಗೆ ಬಾಡಿಗೆಯಿಲ್ಲದೆ ಇರಿಸಿಕೊಂಡಿದ್ದೇನೆ ಎಂದು ಇಬ್ಬರೂ ಸಹಿ ಮಾಡಿ ನೂರು ರೂಪಾಯಿಯೊಳಗೆ ದಾಖಲಿಸುವಂತಿರಲಿ. ಇರಿಸಿಕೊಂಡವರಿಗೆ ಅದು ಕಾವಲು. ಇದ್ದವರಿಗೂ ಒಂದು ಗುರುತು. ಮುಂದಿನ ಮಳೆಗೆ ಗೋಡೆ ಬಿದ್ದಾಗ, ಇವರೂ ಇಲ್ಲೇ ಇದ್ದರು ಎಂದು ಪರಿಹಾರದ ಪಟ್ಟಿಗೆ ಸೇರಿಸಲು ತಹಶೀಲ್ದಾರರ ಕೈಗೆ ಒಂದು ಕಾಗದ ಸಿಗುತ್ತದೆ.

ನನ್ನ ದಾವೆಯಲ್ಲಿ ತಾವು ಕೈ ಹಾಕಬೇಕೆಂದು ನಾನು ಕೇಳುವುದಿಲ್ಲ, ಕೇಳಬಾರದು ಕೂಡ. ಅದು ತನ್ನ ತಾರೀಖುಗಳ ಪ್ರಕಾರ ನಡೆಯಲಿ.

ಈ ಪತ್ರದ ಒಂದು ಪ್ರತಿಯನ್ನು ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರಿಗೂ ಕಳಿಸಿದ್ದೇನೆ. ಉತ್ತರ ಬರೆಸುವುದಾದರೆ ದಯವಿಟ್ಟು ಲಕೋಟೆಯ ಮೇಲಿರುವ ಹುಬ್ಬಳ್ಳಿಯ ಬಾಡಿಗೆ ಮನೆಯ ವಿಳಾಸಕ್ಕೇ ಕಳಿಸಬೇಕು. ತಮ್ಮ ದಾಖಲೆಯಲ್ಲಿ ನನ್ನ ಸ್ವಂತ ಮನೆ ಎಂದಿರುವ ಧಾರವಾಡದ ವಿಳಾಸಕ್ಕೆ ಬಂದ ಟಪಾಲು ನನ್ನ ಕೈ ಸೇರುವುದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕಿ,
ಹುಬ್ಬಳ್ಳಿ